ಜಡ್ಡಿ, ಉಂಬಳ ಮತ್ತು ನನ್ನ 480 ರೂಪಾಯಿ

ಕ್ಯಾಮೆರಾ ಅಲುಗಾಡುತ್ತಿದೆ, ಗೊತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕ್ಯಾಮೆರಾ, ಕಾಲು ಎರಡೂ ಕೆಸರಲ್ಲಿ. ಸಿದ್ದಾಪುರದ ಹತ್ತಿರ ನಮ್ಮ ಮಾವನ ಅಡಿಕೆ ತೋಟ ಇದೆ, ಅದರ ಹಿಂದಿನ ಕಾಡಿಗೆ ಬಂದಿದ್ದೇವೆ. ಇಂಥ ಜಾಗಕ್ಕೆ ಇಲ್ಲಿಯವರು ಜಡ್ಡಿ ಅನ್ನುತ್ತಾರೆ. ರಾಮಪತ್ರೆ ಜಡ್ಡಿ, ಅಂದರೆ ಜಾಯಿಕಾಯಿ ಜಾತಿಯ ಕಾಡುಮರಗಳ ಜೌಗು. ವರ್ಷವಿಡೀ ನೀರು ಜಿನುಗುವ ಕಾಡು. ಇದೇ ತಾಲ್ಲೂಕಿನ ಕತ್ತಲೆಕಾನು ಹೆಸರು ಕೇಳಿರುತ್ತೀರಿ. ಯಾಕೆ ಆ ಹೆಸರು ಅಂತ ಇಲ್ಲಿ ನಿಂತರೆ ಗೊತ್ತಾಗುತ್ತದೆ. ಮಧ್ಯಾಹ್ನ ಮೂರು ಗಂಟೆ ಈಗ, ನಂಬ್ತೀರಾ?

ಬೇರು ನೋಡಿ, ಬೇರು! ನೆಲದಿಂದ ಮೇಲೆ ಎದ್ದು, ಮಂಡಿ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿದಿದೆ. ಇದು ಪಿಂಡಿ ಮರದ್ದು. ಆ ಕಡೆ ಇರುವುದು ಅದೇ ಕುಟುಂಬದ ಬೇರೆ ಮರ, ಅದಕ್ಕೆ ಕಾಂಡದಿಂದಲೇ ಊರುಗೋಲು ಇಳಿದಿವೆ. ನೀರು ನಿಂತ ಮಣ್ಣಲ್ಲಿ ಗಾಳಿ ಇರುವುದಿಲ್ಲ. ಬೇರಿಗೂ ಉಸಿರಾಡಬೇಕಲ್ಲ, ಅದಕ್ಕೇ ಮಂಡಿ ಹೊರಗೆ. ಊರುಗೋಲು ಇಲ್ಲದಿದ್ದರೆ ಈ ಮೆತ್ತನೆ ನೆಲದಲ್ಲಿ ಅಷ್ಟೆತ್ತರದ ಮರ ನಿಲ್ಲುವುದು ಕಷ್ಟ.

ಅಯ್ಯೋ. ಒಂದ್ನಿಮಿಷ.

ಬಂತು. ಉಂಬಳ, ಕಾಡಿನ ಜಿಗಣೆ. ಇದರ ಬಗ್ಗೆ ಮಾತಾಡಲೇಬೇಕು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಉಂಬಳಕ್ಕೆ ಅಂತಲೇ ಉದ್ದ ಸಾಕ್ಸ್ ತಗೊಂಡಿದ್ದೆ. 480 ರೂಪಾಯಿ! ಬಟ್ಟೆಯ ಚೀಲಕ್ಕೆ! ‘ಫ್ರೀ ಸೈಜ್ ಮೇಡಂ, ಎಲ್ಲರಿಗೂ ಆಗುತ್ತೆ’ ಅಂದರು. ಎಲ್ಲರಿಗೂ ಅಂದರೆ ಆನೆ ಕಾಲಿಗೂ ಅಂತ ಆಮೇಲೆ ಗೊತ್ತಾಯಿತು. ಮಂಡಿ ಹತ್ತಿರ ಕಟ್ಟುವ ದಾರ ಹತ್ತು ಹೆಜ್ಜೆಗೆ ಸಡಿಲ. ಕಾಲರ್ಧ ಗಂಟೆಯಲ್ಲಿ ಏಳು ಉಂಬಳ ಎಣಿಸಿದೆ, ಅದರಲ್ಲಿ ನಾಲ್ಕು ಸಾಕ್ಸ್ ಒಳಗೇ. ಬಿಲ್ ಇಟ್ಟುಕೊಂಡಿದ್ದೇನೆ, ವಾಪಸ್ ಕೊಡುತ್ತೇನೆ. ರಕ್ತದ ಕಲೆ ಸಮೇತ. ಮಾವ ಬರಿಗಾಲಲ್ಲಿ ನಿಂತು ಕವಳ ಅಗಿಯುತ್ತಾ ನಗುತ್ತಿದ್ದಾರೆ. ‘ಕೂಸೇ, ಸುಣ್ಣ ಸಾಕಿತ್ತು’ ಅಂತೆ. ಸುಣ್ಣದ ಡಬ್ಬಿ ಅವರ ಸೊಂಟದಲ್ಲೇ ಇದೆ, ಮನೆ ಬಿಡುವಾಗ ಹೇಳಬಾರದಿತ್ತಾ?

ಉಂಬಳಕ್ಕಿಂತ ದರಿದ್ರ ಪ್ರಾಣಿ ಇಲ್ಲ. ಆದರೆ ಇಲ್ಲಿ ನೋಡಿ, ಕಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಕಿತ್ತು ಎಸೆದ ಮೇಲೂ ರಕ್ತ ನಿಲ್ಲುತ್ತಿಲ್ಲ, ಯಾಕೆಂದರೆ ಅದರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇದೆ. ಒಂದು ಹಳೇ ಉಂಬಳ ಕಚ್ಚಿದಾಗ ಚುರ್ ಅಂದಿತ್ತು ಅಂತ ಇಟ್ಟುಕೊಳ್ಳಿ. ಕಚ್ಚಿಸಿಕೊಂಡ ಪ್ರಾಣಿ ತಕ್ಷಣ ಒದರಿ ಬಿಸಾಡುತ್ತಿತ್ತು. ಅದು ಉಪವಾಸ, ಮರಿಯೂ ಇಲ್ಲ. ಗೊತ್ತಾಗದ ಹಾಗೆ ಕಚ್ಚಿದ್ದು ಹೊಟ್ಟೆ ತುಂಬಿಸಿಕೊಂಡು ಮರಿ ಮಾಡಿತು, ಮರಿಗಳೂ ಅಮ್ಮನ ಹಾಗೇ. ಹೀಗೇ ಎಷ್ಟೋ ಸಾವಿರ ತಲೆಮಾರು. ನೈಸರ್ಗಿಕ ಆಯ್ಕೆ ಅಂದರೆ ಇಷ್ಟೇ. ಸರಿ, ದರಿದ್ರ ಅಲ್ಲ, ಜಾಣ ಪ್ರಾಣಿ. ಇಲ್ಲ, ಜಾಣ ಅಂತಲೂ ಅನ್ನಬಾರದು. ಅದು ಏನನ್ನೂ ಯೋಚಿಸಿಲ್ಲ.

ಅದಕ್ಕೇ ನನಗೆ ಈ ‘ಹೊಂದಿಕೊಂಡಿತು’ ಅನ್ನುವ ಮಾತು ಕೇಳಿದರೆ ಕಿರಿಕಿರಿ. ಮರ ಕೆಸರಿಗೆ ಹೊಂದಿಕೊಂಡಿತು ಅಂತ ಎಲ್ಲರೂ ಹೇಳುತ್ತಾರೆ, ಸೊಸೆ ಅತ್ತೆಮನೆಗೆ ಹೊಂದಿಕೊಂಡ ಹಾಗೆ. ಯಾವ ಮರವೂ ಹೊಂದಿಕೊಳ್ಳಲಿಲ್ಲ. ಬೇರು ಸ್ವಲ್ಪ ಬೇರೆ ಥರ ಹುಟ್ಟಿದ್ದು ಉಳಿಯಿತು, ಮಿಕ್ಕವು ಕೊಳೆತವು. ನಾವು ನೋಡುವುದು ಉಳಿದವುಗಳ ಮೊಮ್ಮಕ್ಕಳನ್ನು ಮಾತ್ರ.

ನನ್ನ ಅಜ್ಜಿ ಮೊಗೆಕಾಯಿ ಬೀಜ ತೆಗೆಯುವುದು ಜ್ಞಾಪಕ ಬಂತು. ದೊಡ್ಡ, ಚಂದದ ಕಾಯಿಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಅದು ಬೀಜಕ್ಕೆ. ಸೊಟ್ಟಗಿದ್ದದ್ದು ಹುಳಿಗೆ. ಡಾರ್ವಿನ್ ಕೂಡ ಪಾರಿವಾಳ ಸಾಕಿ, ಸಾಕುವವರು ಹೇಗೆ ಆರಿಸುತ್ತಾರೆ ಅಂತ ನೋಡಿದ್ದ. ಮನುಷ್ಯ ಆರಿಸಿದರೆ ಇಷ್ಟು ಬದಲಾಗುವುದಾದರೆ, ಬರ, ಹಸಿವು, ನೆರೆ ಆರಿಸಿದರೆ? 1859ರ ತನ್ನ ಪುಸ್ತಕದಲ್ಲಿ ಅವನು ಕೇಳಿದ್ದು ಹೆಚ್ಚುಕಮ್ಮಿ ಇದನ್ನೇ. ಅಜ್ಜಿಯ ಹುಳಿ ಮಾತ್ರ... ಅದು ಬೇರೆ ವ್ಲಾಗ್.

ಹಾಂ, ಬೀಜ ಅಂದೆನಲ್ಲ. ಈ ರಾಮಪತ್ರೆ ಕಾಯಿ ಒಡೆದಿದ್ದೇನೆ, ಹತ್ತಿರ ತರುತ್ತೇನೆ. ಕೆಂಪಗೆ ಬೀಜಕ್ಕೆ ಸುತ್ತಿಕೊಂಡಿರುವುದೇ ಪತ್ರೆ. ಮಂಗಟ್ಟೆ ಹಕ್ಕಿ ಅದರ ಆಸೆಗೆ ನುಂಗಿ, ಬೀಜವನ್ನು ದೂರ ಉಗುಳುತ್ತದೆ. ಬೀಜ ದಪ್ಪ, ಒಳಗೆ ಬುತ್ತಿ ಜಾಸ್ತಿ. ಕತ್ತಲೆಯಲ್ಲಿ ಸಸಿ ಎದ್ದು ನಿಲ್ಲುವವರೆಗೆ ಅದೇ ಊಟ. ಆದರೆ ಇದನ್ನು ಒಣಗಿಸಿದರೆ ಸತ್ತೇ ಹೋಗುತ್ತದೆ. ಭತ್ತದ ಹಾಗೆ ಕಣಜದಲ್ಲಿ ಇಡಲು ಬರುವುದಿಲ್ಲ. ಒಣಗುವ ಪ್ರಶ್ನೆಯೇ ಇಲ್ಲದ ಜಾಗದಲ್ಲಿ ಬೆಳೆದು ಬಂದದ್ದು. ಹಳ್ಳ ತಿರುಗಿಸಿದರೆ, ಬಿಸಿಲು ಬಿದ್ದರೆ, ಮುಗಿಯಿತು. ಮಾವನ ತೋಟವೂ ಅವರ ಅಜ್ಜನ ಕಾಲದಲ್ಲಿ ಜಡ್ಡಿಯೇ ಆಗಿತ್ತಂತೆ. ಈ ಕಡೆ ಎಷ್ಟೋ ಜಡ್ಡಿಗಳು ಹೀಗೇ ಗದ್ದೆ, ತೋಟ ಆಗಿವೆ. ಮಾವನ ಎದುರು ಇದನ್ನು ಜಾಸ್ತಿ ಹೇಳುವುದಿಲ್ಲ, ರಾತ್ರಿ ಅಲ್ಲೇ ಊಟ ಇದೆ.

ಟಕ್, ಟಕ್. ಕೇಳಿಸಿತಾ? ಹಳ್ಳದ ಕಡೆಯಿಂದ. ಕುಂಬಾರ ಕಪ್ಪೆ ಇರಬೇಕು ಅಂತ ಆಸೆ. ವಿಜ್ಞಾನದವರು ಇದಕ್ಕೆ ಹೆಸರಿಟ್ಟಿದ್ದು 2014ರಲ್ಲಿ, ನಮ್ಮ ಕುಂಬಾರರ ಹೆಸರನ್ನೇ. ನೀರಿನ ಮೇಲೆ ಚಾಚಿದ ಕಡ್ಡಿಗೆ ಮೊಟ್ಟೆ ಇಟ್ಟ ಮೇಲೆ ಗಂಡು ಮುಂಗೈಯಲ್ಲಿ ಮಣ್ಣು ತಂದು ಮೆತ್ತುತ್ತದೆ. ಮೊಟ್ಟೆ ಒಣಗದಿರಲಿ, ಬೇರೆಯವರ ಕಣ್ಣಿಗೆ ಬೀಳದಿರಲಿ ಅಂತ ಇರಬಹುದು. ನೋಡಿ, ‘ಇರಲಿ ಅಂತ’ ಅಂದುಬಿಟ್ಟೆ! ಕಪ್ಪೆಗೆ ಹಾಗೆಲ್ಲ ಏನೂ ಅನ್ನಿಸಿರುವುದಿಲ್ಲ. ಇಷ್ಟು ಬೈದು ನಾನೇ ಅದೇ ತಪ್ಪು ಮಾಡಿದೆ.

ಕಾಣಿಸುತ್ತಿಲ್ಲ. ಟಾರ್ಚ್ ಹಾಕಿದರೆ ಸುಮ್ನಾಗುತ್ತದೆ. ಬ್ಯಾಟರಿ ಮೂರು ಪರ್ಸೆಂಟ್. ಮಾವ ಕಷಾಯ ಆರುತ್ತದೆ ಅಂತ ಕೂಗುತ್ತಿದ್ದಾರೆ. ಇನ್ನೊಂದು ಉಂಬಳ, ಕುತ್ತಿಗೆ ಹತ್ತಿರ. ಹೋದೆ, ಹೋದೆ.