ನೀರೇ ಉಳಿಯಾದಾಗ: ಸುಡದ ಗಡಿಗೆಯ ಮೇಲೆ ಉಬ್ಬು ಚಿತ್ತಾರ

(ದೃಶ್ಯ: ಮೇಜಿನ ಮೇಲೆ ಮಣ್ಣಿನ ಬಟ್ಟಲು, ಮೇಣದ ದ್ರಾವಣ, ಕುಂಚ, ಸ್ಪಂಜು)

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ತೋರಿಸಿದ ಬಟ್ಟಲನ್ನು ನೋಡಿ ಕೊಪ್ಪಳದ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದರು: ಹಸಿ ಗಡಿಗೆ ನೀರಿಗೆ ಬಿದ್ದರೆ ಕೆಸರಾಗುತ್ತದೆ, ಹಾಗಿದ್ದ ಮೇಲೆ ಅದೇ ನೀರಿನಿಂದ ಎಲೆ, ಬಳ್ಳಿ ಮೂಡಿಸಿದ್ದು ಹೇಗೆ?

ವಿಧಾನ ಸರಳವಾಗಿದೆ. ಒಣಗಿದ ಬಟ್ಟಲಿನ ಮೇಲೆ ಮೇಣದಿಂದ ಚಿತ್ರ ಬರೆದು, ಅದು ಆರಿದ ಮೇಲೆ ಒದ್ದೆ ಸ್ಪಂಜಿನಿಂದ ಒರೆಸಬೇಕು. ಮೇಣವಿಲ್ಲದ ಕಡೆ ಮಣ್ಣು ಕರಗಿ ತಗ್ಗಾಗುತ್ತದೆ, ಮೇಣ ಕಾಯ್ದ ಭಾಗ ಉಬ್ಬಾಗಿ ಉಳಿಯುತ್ತದೆ. ಜೋರು ಮಳೆಯ ಮರುದಿನ ಹೊಲಕ್ಕೆ ಹೋದರೆ, ಸುತ್ತಲಿನ ಮಣ್ಣೆಲ್ಲ ಕೊಚ್ಚಿಹೋಗಿ, ಪುಟ್ಟ ಹರಳೊಂದು ತನ್ನಡಿಯ ಮಣ್ಣಿನ ಕಂಬದ ಮೇಲೆ ಕುಳಿತಿರುವುದನ್ನು ನೋಡಿರುತ್ತೀರಿ. ಇಲ್ಲಿ ಮೇಣವೇ ಆ ಹರಳು.

ನನಗೆ ಹೆಚ್ಚು ಸೋಜಿಗವೆನಿಸಿದ್ದು ಬೇರೆಯೇ ಸಂಗತಿ. ‘ಹಸಿ’ ಎಂಬ ನಮ್ಮ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ, ಏಕೆಂದರೆ ಒದ್ದೆಯಾದದ್ದೂ ಹಸಿ, ಸುಡದಿರುವುದೂ ಹಸಿ. ಈ ಕೆಲಸಕ್ಕೆ ಬೇಕಾದದ್ದು ಸುಡದ, ಆದರೆ ತೇವ ಪೂರ್ತಿ ಆರಿದ ಮಣ್ಣು.

(ದೃಶ್ಯ: ಎರಡು ಗಾಜಿನ ಲೋಟಗಳು)

ಒಂದೇ ಮಣ್ಣಿನ ಎರಡು ಉಂಡೆಗಳನ್ನು ನೀರಿಗೆ ಹಾಕಿದ್ದೇನೆ. ಎಡಗಡೆಯ ಒದ್ದೆ ಉಂಡೆ ಹಾಗೆಯೇ ಕುಳಿತಿದೆ. ಬಲಗಡೆಯ ಒಣ ಉಂಡೆಯಿಂದ ಗುಳ್ಳೆಗಳು ಏಳುತ್ತಿವೆ, ಅಂಚಿನಿಂದ ಪದರ ಪದರವಾಗಿ ಕಳಚಿ ತಳದಲ್ಲಿ ರಾಶಿ ಬೀಳುತ್ತಿದೆ. ಒಣಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಒಳಗೆಳೆದುಕೊಂಡಾಗ, ಅಲ್ಲಿ ಸಿಕ್ಕಿಬಿದ್ದ ಗಾಳಿ ಒತ್ತಡಕ್ಕೆ ಸಿಲುಕಿ ಮಣ್ಣನ್ನು ಒಡೆದು ಹೊರಬರುತ್ತದೆ. ಒದ್ದೆ ಉಂಡೆಯ ರಂಧ್ರಗಳಲ್ಲಿ ಮೊದಲೇ ನೀರಿರುವುದರಿಂದ ಈ ಗಲಾಟೆಗೆ ಎಡೆಯೇ ಇಲ್ಲ. ರಾಯಚೂರು ಸೀಮೆಯ ರೈತರಿಗೆ ಇದೇನೂ ಹೊಸದಲ್ಲ. ಬೇಸಿಗೆಯಲ್ಲಿ ಕಾಲಿಗೆ ಕಲ್ಲಿನಂತೆ ಒತ್ತುವ ಎರೆಹೊಲದ ಹೆಂಟೆ ಮೊದಲ ಹದಮಳೆಗೆ ಅರಳಿ ಪುಡಿಯಾಗುತ್ತದೆ. ಎರೆಮಣ್ಣು ನೀರು ಕುಡಿದು ಹಿಗ್ಗುವ ಗುಣವೂ ಅಲ್ಲಿ ಸೇರಿಕೊಳ್ಳುತ್ತದೆ, ಅಷ್ಟೇ. ವಿಜ್ಞಾನದ ಪಾಠದಲ್ಲಿ ಹೆಂಟೆಗೆ ಸ್ಥಾನ ಸಿಗದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಈ ಗುಣವನ್ನು ಮರೆತು ನಾನು ಮೊದಲ ಬಟ್ಟಲನ್ನು ಬಿಡುವಿಲ್ಲದೆ ನಾಲ್ಕು ಸಲ ಒರೆಸಿದ್ದೆ. ಕಂಠದ ಬಳಿ ಕೂದಲೆಳೆಯಂತಹ ಬಿರುಕು ಕಾಣಿಸಿತು, ಮರುಕ್ಷಣವೇ ಉಗುರಗಲದ ತುಂಡು ಬೆರಳಿಗೇ ಬಂತು. ಒಮ್ಮೆ ಒರೆಸಿದ ಮೇಲೆ ಆರಲು ಬಿಡಬೇಕು, ಸ್ಪಂಜನ್ನು ಪ್ರತಿ ಸಲವೂ ತೊಳೆದು ಹಿಂಡಬೇಕು, ಬಟ್ಟಲಿನ ಗೋಡೆಯನ್ನು ಮೊದಲಿಗೇ ತುಸು ದಪ್ಪ ಇಟ್ಟುಕೊಳ್ಳಬೇಕು.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮರಳು ಬೆರೆತ ಮಣ್ಣಾದರೆ ಒರೆಸಿದ ಕಡೆ ಹರಳುಗಳು ಎದ್ದು ಒರಟಾಗುತ್ತದೆ, ಆದ್ದರಿಂದ ಸೋಸಿದ ನುಣುಪು ಮಣ್ಣು ಒಳ್ಳೆಯದು. ಮೇಣದ ಬದಲು ಬಡಗಿಗಳು ಪಾಲಿಶ್‌ಗೆ ಬಳಸುವ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನೂ ಹಚ್ಚಬಹುದು. ಬಟ್ಟಲನ್ನು ಆವಿಗೆಯಲ್ಲಿ, ಅಂದರೆ ಕುಂಬಾರರ ಗೂಡಿನಲ್ಲಿ, ಸುಡುವಾಗ ಎರಡೂ ಉರಿದುಹೋಗುತ್ತವೆ, ಹೊಗೆ ಬರುವುದರಿಂದ ಗಾಳಿಯಾಡುವ ಜಾಗ ಬೇಕು. ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜೇಡಿಯೊಳಗೆ ರಾಸಾಯನಿಕವಾಗಿ ಬೆಸೆದಿದ್ದ ನೀರೂ ಹೊರಟುಹೋಗುತ್ತದೆ. ಅಲ್ಲಿಂದಾಚೆಗೆ ಈ ಬಟ್ಟಲನ್ನು ದಿನವಿಡೀ ನೀರಿನಲ್ಲಿ ನೆನೆಹಾಕಿದರೂ ಬಳ್ಳಿಯ ಒಂದು ಎಲೆಯೂ ಕರಗುವುದಿಲ್ಲ.