ಫೋಟೋ ಉಳಿಯುವುದು ಹೈಪೋದಲ್ಲಿ

ಜನರಿಗೆ ಫೋಟೋದ ಹುಚ್ಚು ಯಾಕೆ, ಮಾತಾಡಿ ಅಂದಿದ್ದೀರಿ. ಗಳಿಗೆ ಜಾರಿಹೋಗುತ್ತದೆ, ಹಿಡಿದಿಡುವ ಆಸೆ ಅಂತ ಹೇಳಿ ಕೂತುಬಿಡಬಹುದು. ಆದರೆ ಹಿಡಿದರಷ್ಟೇ ಸಾಲದು ಸ್ವಾಮಿ, ಉಳಿಯಬೇಕಲ್ಲ!

ಥಾಮಸ್ ವೆಜ್‌ವುಡ್ ಕಥೆ ನಿಮಗೆ ಗೊತ್ತೇ ಇದೆ, ಆದರೂ ಬಿಡಲಾರೆ. ಇಂಗ್ಲೆಂಡಿನವನು, ಫೋಟೋ ಮೂಡಿಸಲು ಮೊದಮೊದಲು ಯತ್ನಿಸಿದವರಲ್ಲೊಬ್ಬ. ಕಾಗದಕ್ಕೆ, ಬಿಳಿ ಚರ್ಮಕ್ಕೆ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ ಸವರಿ, ಮೇಲೆ ಎಲೆಯನ್ನೋ ಹುಳುವಿನ ರೆಕ್ಕೆಯನ್ನೋ ಇಟ್ಟು ಬಿಸಿಲಿಗೆ ಹಿಡಿದ. ಬೆಳಕು ಬಿದ್ದಲ್ಲಿ ಕಪ್ಪಾಯಿತು, ಎಲೆಯ ಆಕಾರ ಬೆಳ್ಳಗೆ ಮೂಡಿತು. ಅವನ ಗೆಳೆಯ, ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1802ರಲ್ಲಿ ಇದನ್ನೆಲ್ಲ ಬರೆದು ಪ್ರಕಟಿಸಿದ. ಆದರೆ ಚಿತ್ರವನ್ನು ಬೆಳಕಿಗೆ ತಂದರೆ ಬಿಳಿ ಜಾಗವೂ ಕಪ್ಪು! ತೊಳೆದರು, ವಾರ್ನಿಷ್ ಬಳಿದರು, ಊಹೂಂ. ಕತ್ತಲಲ್ಲಿ ಮುಚ್ಚಿಟ್ಟು, ಮಬ್ಬು ಬೆಳಕಿನಲ್ಲಿ ಕದ್ದು ನೋಡಬೇಕು. ಇನ್ನೊಬ್ಬರಿಗೆ ತೋರಿಸಲಾಗದ ಫೋಟೋ ಯಾರಿಗೆ ಬೇಕು? ಸೆಳೆತ ಇರುವುದೇ ಅಲ್ಲಿ: ಆವತ್ತು ಇಲ್ಲದವರಿಗೆ ಆಮೇಲೆ ತೋರಿಸಬೇಕು.

ಅದಕ್ಕೆ ದಾರಿಯಾದದ್ದು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಎಂಬ ಲವಣ. ಅದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಫೋಟೋಕ್ಕೆ ಬಳಸಿದ್ದು 1839ರಲ್ಲಿ. ಬೆಳಕು ತಾಗದೆ ಉಳಿದ ಲವಣ ಕರಗಿಹೋದರೆ ಮತ್ತೆ ಕಪ್ಪಾಗಲು ಏನೂ ಇರುವುದಿಲ್ಲ. ಫೋಟೋ ತೊಳೆಯುವ ಕತ್ತಲ ಕೋಣೆಯ, ಡಾರ್ಕ್‌ರೂಮಿನ, ಲೆಕ್ಕ ಹೀಗೆ: ಲೀಟರ್ ನೀರಿಗೆ ಸುಮಾರು 250 ಗ್ರಾಂ ಹೈಪೋ, ಅದರಲ್ಲಿ ಪ್ರಿಂಟು 10 ನಿಮಿಷ, ಆಮೇಲೆ ಹರಿಯುವ ನೀರಿನಲ್ಲಿ ಒಂದು ಗಂಟೆ. ಸ್ಟುಡಿಯೋದವರ ಕಳ್ಳತನ ನಡೆಯುತ್ತಿದ್ದುದು ಈ ಒಂದು ಗಂಟೆಯಲ್ಲೇ. ಮದುವೆ ಆರ್ಡರು ಅವಸರ, ಟ್ಯಾಂಕಿನಲ್ಲಿ ನೀರಿಲ್ಲ, ಬೇಗ ಎತ್ತಿ ಒಣಹಾಕಿದರು. ಕಾಗದದಲ್ಲಿ ಉಳಿದ ಹೈಪೋದ ಗಂಧಕ ವರ್ಷಗಟ್ಟಲೆ ಚಿತ್ರದ ಬೆಳ್ಳಿಯನ್ನು ತಿನ್ನುತ್ತದೆ. ಫೋಟೋದಲ್ಲಿ ಅಜ್ಜಿ ಹಳದಿಯಾಗಿದ್ದರೆ ಪಾಪ ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ.

ಹಂಪಿಯನ್ನೇ ನೋಡಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣ ಹಿಡಿಸಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಅದನ್ನು ತೆಗೆದ. ಕಾಗದ! ಅವು ಉಳಿದು ಬಂದಿದ್ದರಿಂದಲೇ 1980ರ ದಶಕದಲ್ಲಿ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ ಅವವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆಯಲು ಆಯಿತು. ಯಾವ ಕಂಬ ಬಿದ್ದಿದೆ, ಯಾವುದನ್ನು ಎತ್ತಿ ನಿಲ್ಲಿಸಿದ್ದಾರೆ, ಪಕ್ಕಪಕ್ಕ ಇಟ್ಟು ನೋಡಬಹುದು. ಉಳಿಯಬೇಕು ಅಂದೆನಲ್ಲ, ಇದಕ್ಕೇ.

ಅಧ್ಯಕ್ಷರ ಚೀಟಿ ಬಂತು. ಬಣ್ಣದ ಪ್ರಿಂಟಿನ ಪುರಾಣ ಬಿಟ್ಟೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ಅಷ್ಟೇ. ಮಲೆನಾಡು, ಕರಾವಳಿಯವರು ಆಲ್ಬಂ ಇಟ್ಟ ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಷ್ಟು ಖಂಡಿತ. ಹೆಸರು ಬರೆಯುವುದಾದರೆ ಹಿಂಬದಿಯ ಅಂಚಿನಲ್ಲಿ, ಮೆತ್ತನೆ ಪೆನ್ಸಿಲ್ಲಿನಲ್ಲಿ, ಒತ್ತದೆ. ಮೊಬೈಲ್ ಫೋಟೋವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ತಾರೀಖಿನ ದಾಖಲೆಯೂ ಹೋಗುತ್ತದೆ.

ಗಾಜಿಗೆ ಅಂಟಿದ ಫೋಟೋ ತಂದವರು ಕಾಫಿ ಹೊತ್ತಿನಲ್ಲಿ ತೋರಿಸಿ. ದಯವಿಟ್ಟು ಈಗಲೇ ಎಳೆಯಬೇಡಿ, ಚಿತ್ರ ಹೊತ್ತ ಜೆಲಾಟಿನ್ ಪದರವೇ ಮುಖದ ಸಮೇತ ಕಿತ್ತು ಬರುತ್ತದೆ. ಗಾಜಿನೊಂದಿಗೇ 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡೋಣ, ಬಿಡಿಸುವ ಯೋಚನೆ ಆಮೇಲೆ.