ಹೊಸ ಲ್ಯಾಪ್‌ಟಾಪ್ ತಗೊಳೋ ಮುಂಚೆ ನೋಡಿ: ಯಾವ ಮ್ಯೂಸಿಕ್ ಸಾಫ್ಟ್‌ವೇರ್ ಸಿಪಿಯು ಕಮ್ಮಿ ತಿನ್ನುತ್ತೆ?

ನಮಸ್ಕಾರ ಎಲ್ರಿಗೂ. ಈ ಚಾನೆಲ್‌ಗೆ ಅತಿ ಹೆಚ್ಚು ಬರೋ ಪ್ರಶ್ನೆ ಒಂದೇ: "ಬ್ರೋ, ಯಾವುದು ಲೈಟು? ರೀಪರ್ರಾ, ಏಬಲ್ಟನ್ನಾ, ಎಫ್‌ಎಲ್ ಸ್ಟುಡಿಯೋನಾ, ಕ್ಯೂಬೇಸಾ?" ಒಂದು ಹೆಸರು ಹೇಳಿ ಮುಗಿಸಬಹುದು, ಆದ್ರೆ ಹಂಗೆ ಮಾಡಿದ್ರೆ ನಿಮ್ ದುಡ್ಡು ಹಾಳಾಗುತ್ತೆ. ಬಸವೇಶ್ವರನಗರದಿಂದ ಬನಶಂಕರಿವರೆಗೂ ಈಗ ಬೆಡ್‌ರೂಮಲ್ಲೇ ಕೂತು ಹಾಡು ಮಾಡೋರು ಎಷ್ಟೊಂದು ಜನ ಇದಾರೆ, ಸ್ಪೀಕರಲ್ಲಿ ಚಟಪಟ ಸದ್ದು ಬಂದ ತಕ್ಷಣ ಎಸ್‌ಪಿ ರೋಡಿಗೆ ಹೋಗಿ ರ‍್ಯಾಮ್ ಹಾಕಿಸ್ತಾರೆ, ಅದೂ ಸಾಲ್ಲಿಲ್ಲ ಅಂದ್ರೆ ಇಎಂಐ ಮೇಲೆ ಹೊಸ ಲ್ಯಾಪ್‌ಟಾಪ್ ತರ್ತಾರೆ, ತಂದ್ಮೇಲೂ ಅದೇ ಚಟಪಟ. ಇದನ್ನ ನೋಡಿದಾಗೆಲ್ಲ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ, ಅದಕ್ಕೇ ಈ ವಿಡಿಯೋ.

ಮೊದ್ಲು ಆ ಸದ್ದು ಯಾಕೆ ಬರುತ್ತೆ ನೋಡೋಣ.

ಸ್ಕ್ರೀನ್ ಮೇಲೆ: ಆಡಿಯೋ ಸೆಟ್ಟಿಂಗ್ಸ್, ಬಫರ್ ಸೈಜ್ 128

ಪ್ರಾಜೆಕ್ಟ್ 44.1 ಕಿಲೋಹರ್ಟ್ಸ್ ಅಂದ್ರೆ ಸೆಕೆಂಡಿಗೆ 44,100 ಸ್ಯಾಂಪಲ್, ಅಂದ್ರೆ ಸದ್ದಿನ ಸಣ್ಣ ಸಣ್ಣ ಅಳತೆ. ಬಫರ್ ಅಂದ್ರೆ ಒಂದೇ ಸಲಕ್ಕೆ ಲೆಕ್ಕ ಹಾಕೋ ಸ್ಯಾಂಪಲ್‌ಗಳ ಗುಂಪು. ಬಫರ್ 128 ಇಟ್ರೆ ಕಂಪ್ಯೂಟರ್‌ಗೆ ಸಿಗೋ ಟೈಮು ಸುಮಾರು 2.9 ಮಿಲಿಸೆಕೆಂಡ್, ಅಷ್ಟರೊಳಗೆ ಎಲ್ಲಾ ಟ್ರ್ಯಾಕು, ಎಲ್ಲಾ ಪ್ಲಗಿನ್ನು (ಸಾಫ್ಟ್‌ವೇರ್ ಒಳಗೆ ಸೇರಿಸೋ ಎಫೆಕ್ಟು, ವಾದ್ಯ), ರಿವರ್ಬು, ಕಂಪ್ರೆಸರು ಎಲ್ಲದರ ಲೆಕ್ಕ ಮುಗಿಸಿ ಆಡಿಯೋ ಇಂಟರ್‌ಫೇಸ್‌ಗೆ ಕೊಡ್ಬೇಕು, ಕೊಟ್ಟ ತಕ್ಷಣ ಮುಂದಿನ 2.9 ಶುರು. ಒಂದೇ ಒಂದ್ ಸಲ ತಡ ಆದ್ರೂ ಆ ಚಟಪಟ ಕ್ಲಿಕ್ ಕೇಳ್ಸುತ್ತೆ. 1024 ಇಟ್ರೆ 23 ಮಿಲಿಸೆಕೆಂಡ್ ಸಿಗುತ್ತೆ, ಕಂಪ್ಯೂಟರ್ ಆರಾಮಾಗಿರುತ್ತೆ, ಆದ್ರೆ ಹಾಡೋರಿಗೆ ಹೆಡ್‌ಫೋನಲ್ಲಿ ತಮ್ ದನಿ ತಡವಾಗಿ ಬರುತ್ತೆ, ಹಾಡೋಕೇ ಆಗಲ್ಲ.

ಈಗ ಎಲ್ರೂ ಎಡವೋ ಜಾಗ. ಟಾಸ್ಕ್ ಮ್ಯಾನೇಜರ್ 30 ಪರ್ಸೆಂಟ್ ಅಂತಿರುತ್ತೆ, ಸಾಫ್ಟ್‌ವೇರ್ ಒಳಗಿನ ಮೀಟರ್ ಕೆಂಪಾಗಿರುತ್ತೆ. ಎರಡೂ ಸುಳ್ಳಲ್ಲ. ಟಾಸ್ಕ್ ಮ್ಯಾನೇಜರ್ ತೋರ್ಸೋದು ಎಲ್ಲಾ ಕೋರ್‌ಗಳ ಒಟ್ಟು ಸರಾಸರಿ. ಏಬಲ್ಟನ್ ಲೈವ್‌ನ ಮೀಟರ್ ಅಳಿಯೋದು ಸಿಕ್ಕ ಬಫರ್ ಟೈಮಲ್ಲಿ ಎಷ್ಟು ಪಾಲು ಖರ್ಚಾಯ್ತು ಅನ್ನೋದನ್ನ. ಒಂದು ಟ್ರ್ಯಾಕ್ ಮೇಲಿರೋ ಪ್ಲಗಿನ್ ಸಾಲನ್ನ ಒಂದರ ಹಿಂದೆ ಒಂದು ಅಂತಲೇ ನಡೆಸ್ಬೇಕು, ಈಕ್ಯೂ (ಬಾಸ್, ಟ್ರೆಬಲ್ ತಿದ್ದೋದು) ಮುಗೀದೆ ಕಂಪ್ರೆಸರ್ (ಜೋರು-ಮೆಲು ಸಮ ಮಾಡೋದು) ಶುರು ಮಾಡಕ್ಕಾಗಲ್ಲ. ದರ್ಶಿನಿ ಅಡುಗೆಮನೇಲಿ ಎಂಟು ಜನ ಭಟ್ರಿದ್ರೂ ಒಂದು ಮಸಾಲೆ ದೋಸೆನ ಎಂಟು ಜನ ಹಂಚ್ಕೊಂಡು ಬೇಗ ಬೇಯಿಸಕ್ಕಾಗಲ್ಲ ಅಲ್ವಾ, ಇದೂ ಅಷ್ಟೇ. ನೀವು ಮಾಸ್ಟರ್ ಟ್ರ್ಯಾಕ್ ಮೇಲೆ ಹತ್ತು ಭಾರದ ಪ್ಲಗಿನ್ ಪೇರಿಸಿದ್ರೆ ಅಷ್ಟೂ ಭಾರ ಒಂದೇ ಕೋರ್ ಮೇಲೆ ಬೀಳುತ್ತೆ, ಉಳಿದ ಕೋರುಗಳು ಸುಮ್ನೆ ಕಾಯ್ತಿರುತ್ವೆ. ಲೈವ್‌ನಲ್ಲಿ ಒಂದು ಟ್ರ್ಯಾಕಿಂದ ಇನ್ನೊಂದಕ್ಕೆ ಸೈಡ್‌ಚೈನ್ (ಒಂದರ ಸದ್ದಿಂದ ಇನ್ನೊಂದರ ಎಫೆಕ್ಟ್ ನಡೆಸೋದು) ಕೊಟ್ರೂ ಅವೆರಡೂ ಒಂದೇ ಕೋರಿಗೆ ಅಂಟ್ಕೊಳ್ಳುತ್ವೆ. ಅಂದ್ರೆ ಮ್ಯೂಸಿಕ್‌ಗೆ ಲ್ಯಾಪ್‌ಟಾಪ್ ತಗೊಳೋವಾಗ ಎಷ್ಟು ಕೋರ್ ಅನ್ನೋದಕ್ಕಿಂತ ಒಂದೊಂದು ಕೋರ್ ಎಷ್ಟು ಫಾಸ್ಟ್ ಅಂತ ಮೊದ್ಲು ಕೇಳ್ಬೇಕು.

ಸರಿ, ಪ್ಲಗಿನ್ ಒಂದೇ, ಲೆಕ್ಕನೂ ಒಂದೇ, ಹಂಗಿದ್ರೆ ರೀಪರಲ್ಲಿ ಯಾಕೆ ಜಾಸ್ತಿ ಟ್ರ್ಯಾಕ್ ಓಡುತ್ತೆ ಅಂತ ಎಲ್ರೂ ಹೇಳ್ತಾರೆ?

ಸ್ಕ್ರೀನ್ ಮೇಲೆ: ರೀಪರ್ ಪ್ರಿಫರೆನ್ಸಸ್, ಆಂಟಿಸಿಪೇಟಿವ್ ಎಫ್ಎಕ್ಸ್ ಪ್ರೊಸೆಸಿಂಗ್

ಉತ್ತರ ಈ ಒಂದು ಟಿಕ್ ಮಾರ್ಕಲ್ಲಿದೆ. ರೆಕಾರ್ಡ್ ಆಗಿ ಮುಗಿದಿರೋ ಟ್ರ್ಯಾಕಲ್ಲಿ ಮುಂದೆ ಏನು ಬರುತ್ತೆ ಅಂತ ಸಾಫ್ಟ್‌ವೇರ್‌ಗೆ ಆಗ್ಲೇ ಗೊತ್ತಿರುತ್ತೆ, ಹಂಗಾಗಿ ರೀಪರ್ ಅದನ್ನ ಮುಂಚೇನೇ ಲೆಕ್ಕ ಹಾಕಿ ಇಟ್ಕೊಳ್ಳುತ್ತೆ, ಡಿಫಾಲ್ಟಾಗಿ 200 ಮಿಲಿಸೆಕೆಂಡ್ ಮುಂದೆ ಓಡ್ತಿರುತ್ತೆ. ನೀವು ಬಫರ್ 64 ಇಟ್ರೂ ಆ ಟ್ರ್ಯಾಕ್‌ಗಳಿಗೆ ಆತುರ ಇಲ್ಲ. ಇದು ರೀಪರ್ ಒಂದರ ಹತ್ರ ಇರೋದಲ್ಲ. ಕ್ಯೂಬೇಸಲ್ಲಿ ಇದರ ಹೆಸರು ಎಎಸ್ಐಒ ಗಾರ್ಡ್, ಸ್ಟುಡಿಯೋ ಒನ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಡ್ರಾಪ್‌ಔಟ್ ಪ್ರೊಟೆಕ್ಷನ್, 2017ರಲ್ಲಿ 3.5 ವರ್ಷನ್ ಜೊತೆ ಬಂತು, ಆಪಲ್‌ನ ಲಾಜಿಕ್‌ನಲ್ಲಿ ಪ್ರೊಸೆಸ್ ಬಫರ್ ರೇಂಜ್ ಅಂತ ಸಣ್ಣದು, ಮಧ್ಯಮ, ದೊಡ್ಡದು ಮೂರು ಆಯ್ಕೆ ಇದೆ.

ಆದ್ರೆ ಇದನ್ನ ಗಮನ ಇಟ್ಟು ಕೇಳಿ. ಮುಂಚೇನೇ ಲೆಕ್ಕ ಹಾಕೋಕೆ ಆಗೋದು ಮುಂದೇನು ಅಂತ ಗೊತ್ತಿದ್ರೆ ಮಾತ್ರ. ನೀವು ಟ್ರ್ಯಾಕ್‌ನ ರೆಕಾರ್ಡ್‌ಗೆ ಆರ್ಮ್ (ಸಿದ್ಧ) ಮಾಡಿ ಮಾನಿಟರಿಂಗ್ (ಹಾಡ್ತಿರೋದನ್ನ ಅಲ್ಲೇ ಕೇಳೋದು) ಆನ್ ಮಾಡಿದ ಕ್ಷಣ, ಈಗ ಹಾಡ್ತಿರೋ ದನಿ, ಈಗ ಒತ್ತುತಿರೋ ಕೀ ಮೊದ್ಲೇ ಯಾವ ಸಾಫ್ಟ್‌ವೇರ್‌ಗೂ ಗೊತ್ತಿರಲ್ಲ, ಹಂಗಾಗಿ ಆ ಟ್ರ್ಯಾಕ್ ಮತ್ತೆ 2.9 ಮಿಲಿಸೆಕೆಂಡ್ ಲೆಕ್ಕಕ್ಕೇ ವಾಪಸ್ ಬರುತ್ತೆ. ಲಾಜಿಕ್ ಬಳಸೋರು ನೋಡಿರ್ತೀರ, ಸುಮ್ನೆ ಭಾರದ ಸಿಂಥ್ (ಸಾಫ್ಟ್‌ವೇರ್ ಕೀಬೋರ್ಡ್ ವಾದ್ಯ) ಟ್ರ್ಯಾಕ್‌ನ ಸೆಲೆಕ್ಟ್ ಮಾಡಿದ್ರೇ ಒಂದು ಕೋರ್ ಮೇಲಕ್ಕೆ ಹಾರುತ್ತೆ, ಖಾಲಿ ಆಡಿಯೋ ಟ್ರ್ಯಾಕ್ ಸೆಲೆಕ್ಟ್ ಮಾಡಿದ್ರೆ ಇಳಿಯುತ್ತೆ, ಕಾರಣ ಇದೇ. ಮಿಕ್ಸ್ ಮಾಡೋವಾಗ ಸಾಫ್ಟ್‌ವೇರ್‌ಗಳ ನಡುವೆ ದೊಡ್ಡದಾಗಿ ಕಾಣೋ ವ್ಯತ್ಯಾಸ ಲೈವ್ ಆಗಿ ನುಡಿಸೋವಾಗ ತುಂಬಾ ಕಮ್ಮಿ ಆಗುತ್ತೆ, ಅಲ್ಲಿ ಆಟ ಆಡೋದು ಪ್ಲಗಿನ್ ಭಾರ ಮತ್ತೆ ಇಂಟರ್‌ಫೇಸ್ ಡ್ರೈವರ್.

ಇನ್ನೊಂದು ವಿಷ್ಯ, ಸದ್ದಿಲ್ಲದ ಜಾಗದಲ್ಲಿ ಪ್ಲಗಿನ್‌ನ ಮಲಗಿಸೋದು. ಎಫ್‌ಎಲ್‌ನಲ್ಲಿ ಸ್ಮಾರ್ಟ್ ಡಿಸೇಬಲ್, ಪ್ರೊ ಟೂಲ್ಸ್‌ನಲ್ಲಿ ಡೈನಾಮಿಕ್ ಪ್ಲಗಿನ್ ಪ್ರೊಸೆಸಿಂಗ್, ಕ್ಯೂಬೇಸಲ್ಲಿ ವಿಎಸ್‌ಟಿ3 (ಪ್ಲಗಿನ್‌ನ ಒಂದು ನಮೂನೆ) ಸಸ್ಪೆಂಡ್ ಅನ್ನೋ ಆಯ್ಕೆ. ಇದು ಆನ್ ಇದೆಯಾ ಆಫ್ ಇದೆಯಾ ಹೇಳ್ದೆ ಯಾರಾದ್ರೂ "ನೋಡಿ ಇದ್ರಲ್ಲಿ 20 ಪರ್ಸೆಂಟ್, ಅದ್ರಲ್ಲಿ 45" ಅಂತ ಸ್ಕ್ರೀನ್‌ಶಾಟ್ ಹಾಕಿದ್ರೆ ಅದಕ್ಕೆ ಬೆಲೆ ಇಲ್ಲ.

ನಿಮಗೇ ಟೆಸ್ಟ್ ಮಾಡ್ಬೇಕು ಅಂದ್ರೆ ಒಂದೇ ಮಷೀನು, ಒಂದೇ ಇಂಟರ್‌ಫೇಸು, ಒಂದೇ ಡ್ರೈವರು, ಬಫರ್ ಮತ್ತೆ ಸ್ಯಾಂಪಲ್ ರೇಟ್ ಕೂಡ ಅದೇ ಇಡಿ. ಎರಡರಲ್ಲೂ ಓಡೋ ಒಂದೇ ಪ್ಲಗಿನ್ ಹಾಕಿ, ಸಾಫ್ಟ್‌ವೇರ್ ಜೊತೆ ಬಂದಿರೋದನ್ನ ಹಾಕ್ಬೇಡಿ. ಟ್ರ್ಯಾಕ್ ಡೂಪ್ಲಿಕೇಟ್ ಮಾಡ್ತಾ ಹೋಗಿ ಎಲ್ಲಿ ಕ್ಲಿಕ್ ಕೇಳ್ಸುತ್ತೋ ಅಲ್ಲಿ ನಿಲ್ಸಿ. ಇದನ್ನ ಎರಡು ಸಲ ಮಾಡಿ, ಒಂದ್ಸಲ ಬರೀ ಪ್ಲೇ, ಒಂದ್ಸಲ ಟ್ರ್ಯಾಕ್ ಆರ್ಮ್ ಮಾಡಿ. ಮೀಟರ್ ನಂಬರ್‌ಗಳನ್ನ ಹೋಲಿಸಬೇಡಿ, ಒಬ್ಬೊಬ್ರು ಒಂದೊಂದು ಥರ ಅಳೀತಾರೆ, ಕಿವಿಗೆ ಕ್ಲಿಕ್ ಎಲ್ಲಿ ಬಂತು ಅನ್ನೋದೇ ಲೆಕ್ಕ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿರ್ಬೇಕು, ಬ್ಯಾಟರಿ ಮೇಲಿದ್ರೆ ಹಲವು ಲ್ಯಾಪ್‌ಟಾಪಲ್ಲಿ ಪ್ರೊಸೆಸರ್ ತಾನಾಗೇ ನಿಧಾನ ಆಗುತ್ತೆ, ಏಪ್ರಿಲ್ ಬಿಸಿಲಲ್ಲಿ ಶೀಟ್ ಮನೆ ರೂಮಲ್ಲಿ ಫ್ಯಾನ್ ಇಲ್ದೆ ಕೂತ್ರೂ ಅದೇ ಕಥೆ. ವಿಂಡೋಸ್‌ನಲ್ಲಿ ವೈಫೈ ಡ್ರೈವರ್ ಕೂಡ ಕ್ಲಿಕ್ ತರಿಸುತ್ತೆ, ಯಾವ ಡ್ರೈವರ್ ತಡ ಮಾಡ್ತಿದೆ ಅಂತ ತೋರ್ಸೋ ಲೇಟೆನ್ಸಿಮಾನ್ ಅನ್ನೋ ಟೂಲ್ ಹಾಕಿ ನೋಡಿ.

ಈಗ ವರ್ಕ್‌ಫ್ಲೋಗೆ ಬರೋಣ, ನನ್ ಪ್ರಕಾರ ಆಯ್ಕೆ ನಿಲ್ಬೇಕಾಗಿರೋದು ಇದ್ರ ಮೇಲೆ, ಸಿಪಿಯು ಮೇಲಲ್ಲ.

ನೀವು ಭಾವಗೀತೆ, ದೇವರನಾಮ ರೆಕಾರ್ಡ್ ಮಾಡೋರು, ಹಾಡೋರು ಮೆಟ್ರೊನೋಮ್ (ಟಕ್ ಟಕ್ ತಾಳ) ಇಲ್ದೆ ಹಾರ್ಮೋನಿಯಂ ಜೊತೆ ತಮ್ ಲಯದಲ್ಲಿ ಹಾಡಿ ಹೋಗಿದ್ದಾರೆ, ಆಮೇಲೆ ನೀವು ಅದಕ್ಕೆ ತಬಲಾ, ಸ್ಟ್ರಿಂಗ್ಸ್ ಸೇರಿಸ್ಬೇಕು ಅಂದ್ಕೊಳ್ಳಿ. ಆಗ ಹಾಡಿನ ಹಿಂದೆ ಗ್ರಿಡ್ (ಸ್ಕ್ರೀನ್ ಮೇಲಿನ ತಾಳದ ಗೆರೆಗಳು) ಬರ್ಬೇಕೇ ಹೊರತು ಗ್ರಿಡ್ ಹಿಂದೆ ಹಾಡಲ್ಲ. ಲಾಜಿಕ್‌ನ ಸ್ಮಾರ್ಟ್ ಟೆಂಪೋ, ಕ್ಯೂಬೇಸ್‌ನ ಟೆಂಪೋ ಡಿಟೆಕ್ಷನ್ ಈ ಕೆಲಸಕ್ಕೆ ಚಿನ್ನ. ಶ್ರುತಿ ಸ್ವಲ್ಪ ತಿದ್ದೋಕೂ ಎರಡರಲ್ಲೂ ಒಳಗೇ ಟೂಲ್ ಇದೆ, ಫ್ಲೆಕ್ಸ್ ಪಿಚ್ ಮತ್ತೆ ವೇರಿಆಡಿಯೋ, ಆದ್ರೆ ದಯವಿಟ್ಟು ಗಮಕನ ಸಪಾಟು ಮಾಡ್ಬೇಡಿ. ಹಲವು ಟೇಕ್‌ಗಳಿಂದ ಸಾಲು ಸಾಲು ಆರಿಸಿ ಜೋಡಿಸೋ ಕಾಂಪಿಂಗ್ ಲೈವ್‌ಗೆ 11ನೇ ವರ್ಷನ್‌ನಲ್ಲಿ, 2021ರಲ್ಲಿ ಬಂತು.

ಬೀಟ್ ಮಾಡೋರಿಗೆ ಎಫ್‌ಎಲ್‌ನ ಪಿಯಾನೋ ರೋಲ್‌ನಷ್ಟು ಕೈಗೆ ಹತ್ತೋದು ಇನ್ನೊಂದಿಲ್ಲ. ಒಂದ್ ಮಾತು, ಅದ್ರ ಸ್ಲೈಡ್ ನೋಟ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು) ಕೆಲಸ ಮಾಡೋದು ಎಫ್‌ಎಲ್‌ನ ಸ್ವಂತ ವಾದ್ಯಗಳಲ್ಲಿ ಮಾತ್ರ, ಹೊರಗಿನ ವಿಎಸ್‌ಟಿ ವೀಣೆಲಿ ಜಾರು ಬೇಕಂದ್ರೆ ಪಿಚ್ ಬೆಂಡ್ ಬರೀಬೇಕು. ಲೈವ್‌ನಲ್ಲಿ ಒಂದೊಂದು ಕ್ಲಿಪ್‌ಗೂ ಬೇರೆ ಟೈಮ್ ಸಿಗ್ನೇಚರ್ ಕೊಡಬಹುದು, ಮಿಶ್ರ ಛಾಪು ಏಳರ ಲೂಪ್ ಮೇಲೆ ನಾಲ್ಕರ ಕಿಕ್ ಓಡಿಸಿ ಎಲ್ಲಿ ಸೇರುತ್ತೆ ನೋಡೋರಿಗೆ ಅದು ಹಬ್ಬ.

ಸಿನಿಮಾ, ಸೀರಿಯಲ್ ಬಿಜಿಎಂ ಮಾಡೋರಿಗೆ ಕ್ಯೂಬೇಸ್‌ನ ಡಿಸೇಬಲ್ ಟ್ರ್ಯಾಕ್ ನೋಡಿ ಅಂತೀನಿ. ನೂರಾರು ವಾದ್ಯದ ಟೆಂಪ್ಲೇಟ್ ಇಟ್ಕೊಂಡು ಬೇಕಾದ್ದಷ್ಟೇ ಎಬ್ಬಿಸಬಹುದು, ಮಲಗಿರೋದು ಸಿಪಿಯುನೂ ತಿನ್ನಲ್ಲ ರ‍್ಯಾಮೂ ತಿನ್ನಲ್ಲ. ಕೈಲಿ ಕಾಸು ಕಮ್ಮಿ, ಕಲಿಯೋ ತಾಳ್ಮೆ ಜಾಸ್ತಿ ಇದ್ರೆ ರೀಪರ್. ಪರ್ಸನಲ್ ಲೈಸೆನ್ಸ್ 60 ಡಾಲರ್, ನಾಲ್ಕೈದು ಕೆಲಸನ ಒಂದೇ ಕೀಗೆ ಕಟ್ಟಬಹುದು.

ಇಷ್ಟಾದ್ಮೇಲೂ ಕ್ಲಿಕ್ ಬಂದ್ರೆ ಭಾರದ ಸಿಂಥ್‌ನ ಫ್ರೀಜ್ ಮಾಡಿ, ನಾನು ಹೇಳಿರೋ ಸಾಫ್ಟ್‌ವೇರ್‌ಗಳಲ್ಲಿ ಅದನ್ನ ಆಡಿಯೋ ಮಾಡಿ ಇಟ್ಕೊಳೋ ದಾರಿ ಇದ್ದೇ ಇದೆ. ರೆಕಾರ್ಡಿಂಗ್‌ಗೆ 128, ಮಿಕ್ಸಿಂಗ್‌ಗೆ 1024, ಈ ಅಭ್ಯಾಸ ಒಂದ್ ಬೆಳೆಸ್ಕೊಳ್ಳಿ. ಓವರ್‌ಸ್ಯಾಂಪ್ಲಿಂಗ್ (ಪ್ಲಗಿನ್ ಒಳಗೆ ಸ್ಯಾಂಪಲ್ ರೇಟ್ ಏರಿಸೋದು) ನಾಲ್ಕು ಪಟ್ಟು ಇಟ್ರೆ ಆ ಪ್ಲಗಿನ್ ಕೆಲಸನೂ ಹೆಚ್ಚುಕಮ್ಮಿ ಅಷ್ಟೇ ಪಟ್ಟು ಏರುತ್ತೆ, ಹಂಗಾಗಿ ಅದನ್ನ ಎಕ್ಸ್‌ಪೋರ್ಟ್ ಮಾಡೋವಾಗ ಆನ್ ಮಾಡಿದ್ರೆ ಸಾಕು. ಮಾಸ್ಟರ್ ಮೇಲೆ ಲೀನಿಯರ್ ಫೇಸ್ ಈಕ್ಯೂ ಇದ್ರೆ ಹಾಡೋರನ್ನ ಕರೆಯೋ ಮುಂಚೆ ತೆಗೀರಿ, ಅದು ತರೋ ವಿಳಂಬ ಬಫರ್ ಕಮ್ಮಿ ಮಾಡಿದ್ರೂ ಹೋಗಲ್ಲ. ಲಾಜಿಕಲ್ಲಿ ಲೋ ಲೇಟೆನ್ಸಿ ಮೋಡ್, ಕ್ಯೂಬೇಸಲ್ಲಿ ಕನ್‌ಸ್ಟ್ರೈನ್ ಡಿಲೇ ಕಾಂಪೆನ್ಸೇಷನ್ ಇರೋದು ಇದಕ್ಕೇ.

ದುಡ್ಡು ಕೊಡೋ ಮುಂಚೆ ಟ್ರಯಲ್ ಹಾಕಿ, ಡೆಮೊ ಹಾಡಲ್ಲ, ನಿಮ್ ಸ್ವಂತ ಹಾಡು ಒಂದನ್ನ ಅದ್ರಲ್ಲಿ ಮಾಡಿ. ರೀಪರ್ 60 ದಿನ ಪೂರ್ತಿಯಾಗಿ ನಡೆಯುತ್ತೆ. ಎಫ್‌ಎಲ್ ಟ್ರಯಲ್‌ನಲ್ಲಿ ಸೇವ್ ಮಾಡಬಹುದು ಆದ್ರೆ ಆ ಪ್ರಾಜೆಕ್ಟ್‌ನ ಮತ್ತೆ ಓಪನ್ ಮಾಡೋಕೆ ಲೈಸೆನ್ಸ್ ಬೇಕು, ಹಂಗಾಗಿ ಒಂದೇ ಕೂತಲ್ಲಿ ಮುಗಿಸಿ, ಎದ್ದೇಳೋ ಮುಂಚೆ ವೇವ್ ಫೈಲ್ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ.